ಬಡಿತ ಮರಳಿದ ಮೇಲೆ

ಮನೆಯಲ್ಲೋ ತೋಟದಲ್ಲೋ ರಸ್ತೆಯಲ್ಲೋ, ಒಟ್ಟಿನಲ್ಲಿ ಆಸ್ಪತ್ರೆಯ ಹೊರಗೆ, ಹೃದಯದ ಬಡಿತ ಹಠಾತ್ತನೆ ನಿಂತವರಿಗೆ ಆಂಬುಲೆನ್ಸ್ ಸಿಬ್ಬಂದಿ ಕೊಡುವ ಔಷಧಗಳಲ್ಲಿ ಅಡ್ರಿನಲಿನ್ ಬಹು ಹಳೆಯದು. ಒಂದು ಮಿಲಿಲೀಟರ್ ದ್ರವದಲ್ಲಿ ಒಂದು ಮಿಲಿಗ್ರಾಂ ಔಷಧವಿರುವ, ಬೆಳಕು ತಾಗಿ ಕೆಡದಿರಲೆಂದು ಕಂದು ಗಾಜಿನಲ್ಲಿ ತುಂಬಿಟ್ಟ ಈ ಪುಟ್ಟ ಆಂಪೂಲ್ ದುಬಾರಿಯದೂ ಅಲ್ಲ, ಅಪರೂಪದ್ದೂ ಅಲ್ಲ. ಅರ್ಧ ಶತಮಾನದಿಂದ ಜಗತ್ತಿನ ಚಿಕಿತ್ಸಾ ಮಾರ್ಗಸೂಚಿಗಳಲ್ಲಿ ಅದಕ್ಕೆ ಸ್ಥಾನವಿದ್ದರೂ, ಅದನ್ನು ಪಡೆದವರು ಬದುಕಿ, ಮೊದಲಿನಂತೆ ಓಡಾಡಿಕೊಂಡು ಮನೆಗೆ ಮರಳುತ್ತಾರೆಯೇ ಎಂಬುದನ್ನು ಸಾವಿರಾರು ರೋಗಿಗಳ ಮೇಲೆ, ಔಷಧವಿಲ್ಲದ ಚುಚ್ಚುಮದ್ದಿನೊಡನೆ ಹೋಲಿಸಿ ಪರೀಕ್ಷಿಸಿದ ಅಧ್ಯಯನ ಹೊರಬಂದದ್ದು 2018ರಲ್ಲಿ. ಬ್ರಿಟನ್ನಿನಲ್ಲಿ ನಡೆದ ಆ ಅಧ್ಯಯನದ ಬಗ್ಗೆ ತಜ್ಞರ ನಡುವೆ ಸಾಕಷ್ಟು ವಾದವಿವಾದಗಳಾಗಿವೆ. ಆದರೆ ಆಂಬುಲೆನ್ಸ್ ಏಳು ನಿಮಿಷದಲ್ಲಿ ಬರುವ ದೇಶದ ಆ ಲೆಕ್ಕಕ್ಕೆ, ಅದು ಯಾವ ಹೊತ್ತಿಗೆ ಬರುತ್ತದೆಂದು ಖಚಿತವಾಗಿ ಹೇಳಲಾಗದ ನಮ್ಮ ಹೋಬಳಿಗಳಲ್ಲಿ ಏನು ಅರ್ಥ ಎಂಬುದು ಬೇರೆಯದೇ ಪ್ರಶ್ನೆ.

ಚಿಕ್ಕಮಗಳೂರು ಜಿಲ್ಲೆಯ ಶಿವನಿ ಅಂಥ ಒಂದು ಹೋಬಳಿ. ಮೊದಲು ತರೀಕೆರೆ ತಾಲ್ಲೂಕಿನಲ್ಲಿದ್ದು ಈಗ ಅಜ್ಜಂಪುರ ತಾಲ್ಲೂಕಿಗೆ ಸೇರಿರುವ ಈ ಸೀಮೆ ಜಿಲ್ಲೆಯ ಈಶಾನ್ಯದ ಅಂಚಿನಲ್ಲಿದೆ. ಅದರಾಚೆಗೆ ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ. ಬೀರೂರಿನಿಂದ ಚಿಕ್ಕಜಾಜೂರಿನತ್ತ ಸಾಗುವ ರೈಲುಮಾರ್ಗದಲ್ಲಿ ಅಜ್ಜಂಪುರ ದಾಟಿದ ಮೇಲೆ ಶಿವನಿ ನಿಲ್ದಾಣ ಸಿಗುತ್ತದೆ. ಅಡಿಕೆ, ತೆಂಗು, ಈರುಳ್ಳಿಯ ಬೇಸಾಯವಿರುವ ಈ ಭಾಗದಲ್ಲಿ ಜನ ಹಗಲಿನ ಬಹುಪಾಲು ಕಳೆಯುವುದು ಊರಾಚೆಯ ತೋಟ ಹೊಲಗಳಲ್ಲಿ, ಅನೇಕ ವೇಳೆ ಒಬ್ಬೊಬ್ಬರೇ. ಹೃದ್ರೋಗಕ್ಕೆ ವಿಶೇಷ ಚಿಕಿತ್ಸೆ ಬೇಕೆಂದರೆ ಚಿಕ್ಕಮಗಳೂರಿಗೋ ಶಿವಮೊಗ್ಗಕ್ಕೋ ದಾವಣಗೆರೆಗೋ ಹೋಗಬೇಕು. ಯಾವ ದಿಕ್ಕಿಗೆ ಹೊರಟರೂ ಗಂಟೆಗೆ ಕಡಿಮೆಯಿಲ್ಲದ ದಾರಿ. ಅಡ್ರಿನಲಿನ್ ಕುರಿತ ಅಂಕಿಅಂಶಗಳನ್ನು ಇಂಥ ನೆಲದ ಮೇಲೆ ನಿಂತು ಓದಿದರೆ ಅವು ಲಂಡನ್ನಿನಲ್ಲಿ ಓದಿದಂತೆ ಇರುವುದಿಲ್ಲ.

ಮೊದಲಿಗೆ ಒಂದು ಗೊಂದಲವನ್ನು ಬಿಡಿಸಿಕೊಳ್ಳಬೇಕು. ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ಪರಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿಕೊಂಡಾಗ ಆಗುವುದು ಹೃದಯಾಘಾತ. ಅಂಥ ರೋಗಿಗೆ ಎದೆನೋವು, ಬೆವರು, ಉಸಿರಿನ ಸಂಕಟ ಇದ್ದರೂ ಪ್ರಜ್ಞೆ ಇರುತ್ತದೆ, ನಾಡಿ ಇರುತ್ತದೆ, ಆತ ಮಾತಾಡುತ್ತಾನೆ. ಹೃದಯ ರಕ್ತವನ್ನು ತಳ್ಳುವುದೇ ನಿಂತುಹೋದಾಗ ಆಗುವುದು ಹೃದಯ ಸ್ತಂಭನ. ಅಲ್ಲಿ ನಾಡಿಯಿಲ್ಲ, ಕೆಲವೇ ಸೆಕೆಂಡುಗಳಲ್ಲಿ ಪ್ರಜ್ಞೆಯೂ ಇರುವುದಿಲ್ಲ. ಹೃದಯಾಘಾತ ಸ್ತಂಭನಕ್ಕೆ ತಿರುಗಬಹುದು, ಆದರೆ ವಿದ್ಯುತ್ ಆಘಾತ, ನೀರಿನಲ್ಲಿ ಮುಳುಗುವುದು, ವಿಷ, ತೀವ್ರ ರಕ್ತಸ್ರಾವ, ಹುಟ್ಟಿನಿಂದ ಬಂದ ಹೃದಯದ ದೋಷ, ಇವೂ ಸ್ತಂಭನಕ್ಕೆ ಕಾರಣವಾಗುತ್ತವೆ. ಪತ್ರಿಕೆಗಳಲ್ಲಿ ಎರಡಕ್ಕೂ ಹೃದಯಾಘಾತವೆಂದೇ ಬರೆಯುವ ರೂಢಿ ಬಲವಾಗಿರುವುದರಿಂದ, ಎದೆನೋವಿಗೆ ಕೊಡುವ ಚಿಕಿತ್ಸೆ ಮತ್ತು ನಾಡಿ ನಿಂತವರಿಗೆ ಕೊಡುವ ಚಿಕಿತ್ಸೆ ಒಂದೇ ಎಂಬ ಕಲ್ಪನೆ ಜನರಲ್ಲಿ ಉಳಿದುಬಿಟ್ಟಿದೆ. ಅಡ್ರಿನಲಿನ್ ಎರಡನೆಯ ಸಂದರ್ಭದ ಔಷಧ. ನಾಡಿಯಿರುವ ಸಾಮಾನ್ಯ ಹೃದಯಾಘಾತದ ರೋಗಿಗೆ ಅದನ್ನು ಕೊಟ್ಟರೆ ಹೃದಯದ ಮೇಲೆ ಹೊರೆ ಹೆಚ್ಚಿ ಅಪಾಯವಾಗುತ್ತದೆ.

ಮೂತ್ರಪಿಂಡದ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿ ದೇಹದಲ್ಲಿ ಸಹಜವಾಗಿಯೇ ಸ್ರವಿಸುವ ಹಾರ್ಮೋನು ಇದು. ಇಂಗ್ಲೆಂಡಿನ ಹ್ಯಾರೊಗೇಟ್ ಎಂಬ ಊರಿನ ವೈದ್ಯ ಜಾರ್ಜ್ ಆಲಿವರ್ ಮತ್ತು ಲಂಡನ್ನಿನ ಶರೀರಶಾಸ್ತ್ರಜ್ಞ ಎಡ್ವರ್ಡ್ ಶೇಫರ್ ಈ ಗ್ರಂಥಿಯ ಸಾರವನ್ನು ಪ್ರಾಣಿಗಳಿಗೆ ಚುಚ್ಚಿದಾಗ ರಕ್ತದೊತ್ತಡ ಸರ್ರನೆ ಏರುವುದನ್ನು 1894ರಲ್ಲಿ ಗುರುತಿಸಿದರು; ಅಮೆರಿಕದಲ್ಲಿ ನೆಲೆಸಿದ್ದ ಜಪಾನಿನ ರಸಾಯನಶಾಸ್ತ್ರಜ್ಞ ಜೋಕಿಚಿ ತಕಾಮಿನೆ, ಸಹಾಯಕ ಕೇಜೊ ಉಎನಾಕಾ ಅವರ ಶ್ರಮದಿಂದ, 1901ರ ಹೊತ್ತಿಗೆ ಅದನ್ನು ಶುದ್ಧ ಹರಳಿನ ರೂಪಕ್ಕೆ ತಂದರು. ಅಲ್ಲಿಂದ ಐದೇ ವರ್ಷಕ್ಕೆ, 1906ರಲ್ಲಿ, ಕ್ಲೀವ್‌ಲೆಂಡಿನ ಶಸ್ತ್ರವೈದ್ಯ ಜಾರ್ಜ್ ಕ್ರೈಲ್ ಮತ್ತು ಡೇವಿಡ್ ಡಾಲಿ, ಹೃದಯ ನಿಂತ ನಾಯಿಗಳಿಗೆ ಅಡ್ರಿನಲಿನ್ ಕೊಟ್ಟು ಎದೆ ಒತ್ತಿದಾಗ ಬಡಿತ ಮರಳುವುದನ್ನು ದಾಖಲಿಸಿದರು. ಔಷಧ ಮತ್ತು ಒತ್ತುವಿಕೆ ಎರಡೂ ಒಟ್ಟಿಗೆ ಇರಬೇಕೆಂಬ ತಿಳಿವು ಅಷ್ಟು ಹಿಂದೆಯೇ ಇತ್ತೆಂಬುದು ಗಮನಿಸತಕ್ಕದ್ದು.

ಈ ಔಷಧ ಹೃದಯವನ್ನು ತಿವಿದು ಎಬ್ಬಿಸುತ್ತದೆಂದು ಅನೇಕರು ಭಾವಿಸುತ್ತಾರೆ. ಅದರ ಮುಖ್ಯ ಕೆಲಸ ನಡೆಯುವುದು ಹೃದಯದಲ್ಲಲ್ಲ, ಕೈಕಾಲು, ಚರ್ಮ, ಕರುಳಿನ ಸಣ್ಣ ರಕ್ತನಾಳಗಳಲ್ಲಿ. ಆ ನಾಳಗಳ ಗೋಡೆಯಲ್ಲಿರುವ ಆಲ್ಫಾ ಗ್ರಾಹಕಗಳ ಮೂಲಕ ಅವನ್ನು ಅದು ಬಿಗಿಯಾಗಿ ಸಂಕುಚಿಸುತ್ತದೆ. ಬೇಸಿಗೆಯಲ್ಲಿ ಕೆರೆಯ ನೀರು ತಗ್ಗಿದಾಗ, ಕಾಲುವೆಯ ಅಕ್ಕಪಕ್ಕದ ಕವಲುಗಳಿಗೆಲ್ಲ ಮಣ್ಣಿನ ಕಟ್ಟೆ ಹಾಕಿ, ಇರುವಷ್ಟು ನೀರು ಮುಖ್ಯ ಕಾಲುವೆಯಲ್ಲೇ ಏರಿ ತೋಟಕ್ಕೆ ತಲುಪುವಂತೆ ರೈತರು ಮಾಡುವುದುಂಟು. ಅಡ್ರಿನಲಿನ್ ಮಾಡುವುದೂ ಇದನ್ನೇ. ಎದೆ ಒತ್ತುವಾಗ ಹರಿಯುವ ಅಲ್ಪ ರಕ್ತ ಹೊರ ಅಂಗಗಳಿಗೆ ಹಂಚಿಹೋಗದೆ ಮಹಾಪಧಮನಿಯಲ್ಲಿ ಒತ್ತಡ ಏರುತ್ತದೆ, ಆ ಒತ್ತಡದಿಂದ ಪರಿಧಮನಿಗಳಿಗೆ ರಕ್ತ ನುಗ್ಗುತ್ತದೆ, ಆಮ್ಲಜನಕ ಸಿಕ್ಕಿದ ಹೃದಯದ ಸ್ನಾಯು ಮತ್ತೆ ಬಡಿಯುವ ಸಾಧ್ಯತೆ ಹೆಚ್ಚುತ್ತದೆ. ಎದೆ ಒತ್ತುವ ಕೈಗಳೇ ಇಲ್ಲದಿದ್ದರೆ ತೋಳಿನ ರಕ್ತನಾಳಕ್ಕೆ ಚುಚ್ಚಿದ ಔಷಧ ಚುಚ್ಚಿದಲ್ಲೇ ನಿಲ್ಲುತ್ತದೆ.

ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಹೃದಯದ ಬೀಟಾ ಗ್ರಾಹಕಗಳನ್ನು ಕೆರಳಿಸುವ ಮೂಲಕ ಅಡ್ರಿನಲಿನ್, ಆಮ್ಲಜನಕದ ಕೊರತೆಯಲ್ಲಿರುವ ಸ್ನಾಯುವಿಗೆ ಇನ್ನಷ್ಟು ಆಮ್ಲಜನಕ ಬೇಕಾಗುವಂತೆ ಮಾಡುತ್ತದೆ, ಬಡಿತ ಮರಳಿದ ಬಳಿಕ ಲಯ ಮತ್ತೆ ತಪ್ಪುವ ಸಂಭವವನ್ನು ಹೆಚ್ಚಿಸುತ್ತದೆ. ರಕ್ತದ ಕಿರುಬಿಲ್ಲೆಗಳು ಒಂದಕ್ಕೊಂದು ಅಂಟುವುದನ್ನೂ ಅದು ಉತ್ತೇಜಿಸುತ್ತದೆ. ಎಲ್ಲಕ್ಕಿಂತ ಚಿಂತೆಯದೆಂದರೆ, ದೊಡ್ಡ ನಾಳದಲ್ಲಿ ಒತ್ತಡ ಏರಿದರೂ ಮಿದುಳಿನ ಅತಿ ಸೂಕ್ಷ್ಮ ಲೋಮನಾಳಗಳಲ್ಲಿ ರಕ್ತದ ಹರಿವು ಕುಗ್ಗಬಹುದೆಂದು ಪ್ರಾಣಿಗಳ ಮೇಲಿನ ಪ್ರಯೋಗಗಳು ತೋರಿಸಿವೆ.

ಇಷ್ಟೆಲ್ಲ ಇದ್ದೂ ಇಂದಿಗೂ ಬಳಕೆಯಲ್ಲಿರುವ ಪ್ರಮಾಣ, ಅಂದರೆ ಮೂರರಿಂದ ಐದು ನಿಮಿಷಕ್ಕೊಮ್ಮೆ ಒಂದು ಮಿಲಿಗ್ರಾಂ, ಎಲ್ಲಿಂದ ಬಂತೆಂದು ಹುಡುಕಿದರೆ ಅಚ್ಚರಿಯಾಗುತ್ತದೆ. ಇಪ್ಪತ್ತನೆಯ ಶತಮಾನದ ಆರಂಭದ ಶಸ್ತ್ರವೈದ್ಯರು ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿ ನಿಂತ ಹೃದಯಕ್ಕೆ ನೇರವಾಗಿ ಸೂಜಿ ಚುಚ್ಚಿ ಹೆಚ್ಚುಕಡಿಮೆ ಇಷ್ಟೇ ಔಷಧ ಕೊಡುತ್ತಿದ್ದರು. 1960ರ ದಶಕದ ಆರಂಭದಲ್ಲಿ ಅಮೆರಿಕದ ಜೋಸೆಫ್ ರೆಡಿಂಗ್ ಮತ್ತು ಜಾನ್ ಪಿಯರ್ಸನ್ ಹತ್ತು ಕಿಲೋ ಆಸುಪಾಸಿನ ನಾಯಿಗಳಿಗೆ ಒಂದು ಮಿಲಿಗ್ರಾಂ ಕೊಟ್ಟು ಪ್ರಯೋಜನ ಕಂಡರು. ನಾಯಿಯ ತೂಕವನ್ನೂ ಮನುಷ್ಯನ ತೂಕವನ್ನೂ ಹೋಲಿಸುವ ಗೋಜಿಗೆ ಹೋಗದೆ ಅದೇ ಒಂದು ಮಿಲಿಗ್ರಾಂ ಮಾರ್ಗಸೂಚಿಗಳಿಗೆ ಇಳಿಯಿತು. ಮನುಷ್ಯರಿಗೆ ಹೆಚ್ಚು ಬೇಕಾದೀತೇನೋ ಎಂಬ ತರ್ಕದಿಂದ ಫ್ರೆಂಚ್ ಸಂಶೋಧಕರ ನೇತೃತ್ವದಲ್ಲಿ 3,327 ರೋಗಿಗಳ ಮೇಲೆ ಐದು ಮಿಲಿಗ್ರಾಂ ಪ್ರಯೋಗಿಸಿ 1998ರಲ್ಲಿ ಪ್ರಕಟಿಸಿದ ವರದಿ, ಬಡಿತ ಮರಳಿದವರ ಸಂಖ್ಯೆ ಏರಿದರೂ ದೀರ್ಘಕಾಲ ಬದುಕಿದವರ ಸಂಖ್ಯೆ ಏರಲಿಲ್ಲವೆಂದು ಹೇಳಿತು. ಮುಂದೆ ಕಾಣಲಿದ್ದ ಚಿತ್ರದ ಮೊದಲ ಗೆರೆ ಅಲ್ಲೇ ಮೂಡಿತ್ತು.

ಕೆನಡಾದ ಒಂಟಾರಿಯೊ ಪ್ರಾಂತದಲ್ಲಿ ಡಿಫಿಬ್ರಿಲೇಟರನ್ನು, ಅಂದರೆ ಹೃದಯಕ್ಕೆ ವಿದ್ಯುತ್ ಹೊಡೆತ ಕೊಡುವ ಯಂತ್ರವನ್ನು, ಬೇಗನೆ ತಲುಪಿಸುವ ವ್ಯವಸ್ಥೆ ಮೊದಲೇ ಇದ್ದ ಕಡೆ ಆಂಬುಲೆನ್ಸ್‌ಗೆ ಔಷಧ ಮತ್ತು ಉಸಿರಾಟದ ಕೊಳವೆಯ ಸೌಲಭ್ಯವನ್ನು ಸೇರಿಸಿ ನೋಡಿದಾಗ, 2004ರ ವರದಿಯ ಪ್ರಕಾರ, ಬದುಕಿ ಮನೆಗೆ ಹೋದವರ ಪ್ರಮಾಣ ಶೇ 5.0 ಇದ್ದದ್ದು ಶೇ 5.1 ಆಯಿತು. ನಾರ್ವೆಯ ಓಸ್ಲೊ ನಗರದ 851 ರೋಗಿಗಳ ಅಧ್ಯಯನವೂ 2009ರಲ್ಲಿ ಹೆಚ್ಚುಕಡಿಮೆ ಇದನ್ನೇ ಹೇಳಿತು. ಆದರೆ ಇವೆರಡೂ ಔಷಧ ಮತ್ತು ಹುಸಿಮದ್ದನ್ನು, ಅಂದರೆ ನೋಡಲು ಔಷಧದಂತೆಯೇ ಇದ್ದು ಒಳಗೆ ಬರಿಯ ಉಪ್ಪುನೀರಿರುವ ಚುಚ್ಚುಮದ್ದನ್ನು, ಎದುರುಬದುರು ಇಟ್ಟು ನೋಡಿದವಲ್ಲ. ಆ ಧೈರ್ಯವನ್ನು ಮೊದಲು ಮಾಡಿದವರು ಪಶ್ಚಿಮ ಆಸ್ಟ್ರೇಲಿಯಾದ ಇಯಾನ್ ಜೇಕಬ್ಸ್. ಸುಮಾರು ಐದು ಸಾವಿರ ರೋಗಿಗಳನ್ನು ಸೇರಿಸಿಕೊಳ್ಳಬೇಕೆಂದಿದ್ದ ಅವರ ಅಧ್ಯಯನದಿಂದ, ಸಾಯುತ್ತಿರುವವರಿಗೆ ಔಷಧ ನಿರಾಕರಿಸಲಾಗುತ್ತಿದೆ ಎಂಬ ಗದ್ದಲಕ್ಕೆ ಅಂಜಿ ಇತರ ಆಂಬುಲೆನ್ಸ್ ಸಂಸ್ಥೆಗಳು ಹಿಂದೆ ಸರಿದವು. 2011ರಲ್ಲಿ ಪ್ರಕಟಿಸಲು ಸಾಧ್ಯವಾದದ್ದು 534 ರೋಗಿಗಳ ಲೆಕ್ಕ ಮಾತ್ರ, ಅದರಿಂದ ಖಚಿತ ತೀರ್ಮಾನಕ್ಕೆ ಬರುವಂತಿರಲಿಲ್ಲ. ಪರೀಕ್ಷೆಯೇ ಆಗದ ಔಷಧವನ್ನು ಕೊಡುತ್ತ ಹೋಗುವುದು ಯಾರ ಕಣ್ಣಿಗೂ ಅನೈತಿಕವೆನಿಸದೆ, ಅದನ್ನು ಪರೀಕ್ಷಿಸುವುದೇ ಅನೈತಿಕವೆನಿಸಿದ್ದು ವೈದ್ಯಕೀಯ ಇತಿಹಾಸದ ಒಂದು ವಿಚಿತ್ರ.

ವಾರಿಕ್ ವಿಶ್ವವಿದ್ಯಾಲಯದ ಗ್ಯಾವಿನ್ ಪರ್ಕಿನ್ಸ್ ನೇತೃತ್ವದ ‘ಪ್ಯಾರಾಮೆಡಿಕ್-2’ ಅಧ್ಯಯನ ಈ ತೊಡಕನ್ನು ದಾಟಿತು. ಇಂಗ್ಲೆಂಡ್ ಮತ್ತು ವೇಲ್ಸ್‌ನ ಐದು ಆಂಬುಲೆನ್ಸ್ ಸಂಸ್ಥೆಗಳಲ್ಲಿ 2014ರ ಡಿಸೆಂಬರ್‌ನಿಂದ 2017ರ ಅಕ್ಟೋಬರ್‌ವರೆಗೆ 8,014 ರೋಗಿಗಳು ಇದರಲ್ಲಿ ಸೇರಿದರು. 4,015 ಮಂದಿಗೆ ಅಡ್ರಿನಲಿನ್, 3,999 ಮಂದಿಗೆ ಉಪ್ಪುನೀರು. ಯಾವ ಪೊಟ್ಟಣದಲ್ಲಿ ಯಾವುದಿದೆ ಎಂದು ಚುಚ್ಚುವವರಿಗೂ ತಿಳಿದಿರಲಿಲ್ಲ. ಪ್ರಜ್ಞೆ ಇಲ್ಲದವರ ಒಪ್ಪಿಗೆ ಕೇಳುವಂತಿಲ್ಲವಾದ್ದರಿಂದ, ಅಧ್ಯಯನದ ಬಗ್ಗೆ ಸಾರ್ವಜನಿಕವಾಗಿ ಪ್ರಚಾರ ಮಾಡಿ, ಬೇಡವೆನ್ನುವವರು ಕೈಗೆ ಹಾಕಿಕೊಳ್ಳಬಹುದಾದ ಒಂದು ಬಳೆಪಟ್ಟಿಯನ್ನು ಒದಗಿಸಲಾಗಿತ್ತು.

ಫಲಿತಾಂಶವನ್ನು ನಿಧಾನವಾಗಿ ಓದಬೇಕು. ಸ್ಥಳದಲ್ಲೇ ಬಡಿತ ಮರಳಿದ್ದು ಅಡ್ರಿನಲಿನ್ ಪಡೆದವರಲ್ಲಿ ಶೇ 36.3, ಉಪ್ಪುನೀರು ಪಡೆದವರಲ್ಲಿ ಶೇ 11.7. ಮೂರು ಪಟ್ಟು ಅಂತರ. ಆಂಬುಲೆನ್ಸ್ ಸಿಬ್ಬಂದಿ ಕಣ್ಣಾರೆ ಕಾಣುವುದು ಇದನ್ನೇ ಆದ್ದರಿಂದ ಈ ಔಷಧದ ಮೇಲೆ ಅವರಿಗಿರುವ ನಂಬಿಕೆ ಸಹಜವಾದದ್ದು. ಮೂವತ್ತು ದಿನಗಳ ನಂತರ ಬದುಕಿದ್ದವರು ಮಾತ್ರ ಶೇ 3.2 ಮತ್ತು ಶೇ 2.4. ಅಂತರ ಚಿಕ್ಕದಾದರೂ ಅದು ಆಕಸ್ಮಿಕವಲ್ಲ, ನಿಜವಾದದ್ದು: ಸುಮಾರು 112 ಮಂದಿಗೆ ಅಡ್ರಿನಲಿನ್ ಕೊಟ್ಟರೆ ಒಂದು ಹೆಚ್ಚುವರಿ ಜೀವ ಉಳಿಯುತ್ತದೆ. ಇನ್ನು ಆಸ್ಪತ್ರೆಯಿಂದ ಹೊರಡುವಾಗಿನ ಸ್ಥಿತಿಯನ್ನು ನೋಡಿದರೆ, ತಮ್ಮ ಕೆಲಸವನ್ನು ಬಹುಮಟ್ಟಿಗೆ ತಾವೇ ಮಾಡಿಕೊಳ್ಳಬಲ್ಲವರು ಮೊದಲ ಗುಂಪಿನಲ್ಲಿ 87, ಎರಡನೆಯದರಲ್ಲಿ 74. ಮಿದುಳಿಗೆ ತೀವ್ರ ಹಾನಿಯಾಗಿ ಪರಾವಲಂಬಿಗಳಾದವರು ಮೊದಲ ಗುಂಪಿನಲ್ಲಿ 39, ಎರಡನೆಯದರಲ್ಲಿ 16. ಕೂಡಿ ಕಳೆದರೆ, ಅಡ್ರಿನಲಿನ್ ಗುಂಪಿನಲ್ಲಿ ಹೆಚ್ಚಾಗಿ ಬದುಕಿ ಹೊರಬಂದ 36 ಮಂದಿಯಲ್ಲಿ 23 ಮಂದಿಯಷ್ಟು ಲೆಕ್ಕ ಹಾಸಿಗೆಯ ಪಾಲಿಗೆ ಹೋಗುತ್ತದೆ, ಉಳಿಯುವುದು 13. ಆ 13ರ ಅಂತರವೂ ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಆಕಸ್ಮಿಕವಿರಬಹುದೆಂದು ಸಂಶೋಧಕರೇ ಒಪ್ಪಿಕೊಂಡರು. ಅಧ್ಯಯನಕ್ಕೆ ಮುನ್ನ ರೋಗಿಗಳನ್ನೂ ಸಾರ್ವಜನಿಕರನ್ನೂ ವಿಚಾರಿಸಿದಾಗ, ಬರಿಯ ಬದುಕಿಗಿಂತ ಮಿದುಳು ಚೆನ್ನಾಗಿರುವ ಬದುಕೇ ತಮಗೆ ಮುಖ್ಯವೆಂದು ಅವರು ಹೇಳಿದ್ದರು.

ತೀವ್ರ ಹಾನಿ ಎಂದರೇನೆಂಬುದು ಅಂಕಿಗಳಲ್ಲಿ ಕಾಣುವುದಿಲ್ಲ. ಮೂಗಿನ ಕೊಳವೆಯಿಂದ ಗಂಜಿ, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನಿನಲ್ಲಿ ಹಾಸಿಗೆ ಹುಣ್ಣು, ಮೂತ್ರದ ಚೀಲ, ಅದರಿಂದ ಬರುವ ಸೋಂಕು, ಅದಕ್ಕಾಗಿ ಮತ್ತೆ ಮತ್ತೆ ಆಸ್ಪತ್ರೆ. ಬ್ರಿಟನ್ನಿನಲ್ಲಿ ಇದಕ್ಕೆ ಆರೈಕೆ ಮನೆಗಳಿವೆ, ಸರ್ಕಾರದ ಖರ್ಚಿನ ದಾದಿಯರಿದ್ದಾರೆ. ಶಿವನಿಯಂಥ ಕಡೆ ಈ ಕೆಲಸವೆಲ್ಲ ಬೀಳುವುದು ಮನೆಯ ಹೆಂಡತಿ, ಸೊಸೆ ಅಥವಾ ಮಗಳ ಮೇಲೆ. ಅದರ ಖರ್ಚು ಬೀಳುವುದು ಅಡಿಕೆಯ ಮೇಲೆ ತಂದ ಮುಂಗಡದ ಮೇಲೆ. ಹಾಗೆಂದು ಬದುಕಿದವರ ಜೀವ ಬೇಡವಾಗಿತ್ತೆಂದು ಹೊರಗಿನವರು ಹೇಳುವುದು ಉದ್ಧಟತನವಾಗುತ್ತದೆ. ಅದನ್ನು ಹೇಳುವ ಹಕ್ಕು ಆ ಮನೆಯವರದು. ಆದರೆ ಔಷಧದ ಗೆಲುವನ್ನು ಬಡಿತದ ಮರಳುವಿಕೆಯಿಂದ ಅಳೆಯುವುದು ಸಾಲದೆಂಬುದು ಇಷ್ಟರಿಂದ ಸ್ಪಷ್ಟ.

ಈ ಸೋಲಿಗೆ ಔಷಧವೊಂದೇ ಕಾರಣವೇ? ಅದೇ ವರದಿಯಲ್ಲಿರುವ ಇನ್ನೊಂದು ಅಂಕಿ ಉತ್ತರದ ದಾರಿ ತೋರಿಸುತ್ತದೆ. ಕರೆ ಮಾಡಿದಲ್ಲಿಂದ ಆಂಬುಲೆನ್ಸ್ ಬರಲು ಹಿಡಿದದ್ದು ಏಳು ನಿಮಿಷಕ್ಕೂ ಕಡಿಮೆ. ಆದರೂ ಔಷಧ ರಕ್ತಕ್ಕೆ ಸೇರುವ ಹೊತ್ತಿಗೆ ಕರೆಯಿಂದ ಇಪ್ಪತ್ತೊಂದು ನಿಮಿಷ ದಾಟಿತ್ತು. ರಕ್ತ ಹರಿಯದೆ ನಾಲ್ಕರಿಂದ ಆರು ನಿಮಿಷ ಕಳೆದರೆ ಮಿದುಳಿನ ಕೋಶಗಳು ಸಾಯತೊಡಗುತ್ತವೆ. ಹೃದಯ ಮಿದುಳಿಗಿಂತ ಹೆಚ್ಚು ಹೊತ್ತು ತಾಳುವ ಅಂಗ. ಇಪ್ಪತ್ತು ನಿಮಿಷದ ಮೇಲೆ ಅದನ್ನು ಎಬ್ಬಿಸಿದರೆ ಅದು ಎದ್ದೀತು, ಮಿದುಳು ಏಳುವ ಭರವಸೆಯಿಲ್ಲ. ಪರ್ಕಿನ್ಸ್ ಮತ್ತು ಸಂಗಡಿಗರೇ ಇದರ ಪಕ್ಕದಲ್ಲಿಟ್ಟು ನೋಡುವಂಥ ಲೆಕ್ಕ ಕೊಟ್ಟಿದ್ದಾರೆ: ಅಡ್ರಿನಲಿನ್‌ನಿಂದ ಒಂದು ಜೀವ ಉಳಿಯಲು 112 ಮಂದಿಗೆ ಚಿಕಿತ್ಸೆಯಾಗಬೇಕಾದರೆ, ಬಳಿಯಿದ್ದವರು ಎದೆ ಒತ್ತಿದ್ದರಿಂದ ಒಂದು ಜೀವ ಉಳಿಯಲು 15 ಮಂದಿ ಸಾಕು, ಬೇಗನೆ ಡಿಫಿಬ್ರಿಲೇಟರ್ ಬಳಸಿದರೆ 5 ಮಂದಿ ಸಾಕು.

ಹೀಗಿರುವಾಗ ಆಂಪೂಲನ್ನು ಎಸೆಯಬೇಕೆಂದು ಅರ್ಥವಲ್ಲ. ಸ್ತಂಭನದಲ್ಲಿ ಹೃದಯದ ವಿದ್ಯುತ್ ಸ್ಥಿತಿ ಎರಡು ಬಗೆಯದು. ಹೃತ್ಕುಕ್ಷಿಗಳು ಲಯವಿಲ್ಲದೆ ನಡುಗುತ್ತಿದ್ದರೆ ಅದನ್ನು ವೆಂಟ್ರಿಕ್ಯುಲರ್ ಫಿಬ್ರಿಲೇಷನ್ ಎನ್ನುತ್ತಾರೆ. ಡಿಫಿಬ್ರಿಲೇಟರ್‌ನ ವಿದ್ಯುತ್ ಹೊಡೆತದಿಂದ ಆ ನಡುಕವನ್ನು ನಿಲ್ಲಿಸಿದರೆ ಸಹಜ ಲಯ ಮರಳಬಹುದು, ಆದ್ದರಿಂದ ಇಲ್ಲಿ ಮೊದಲು ಹೊಡೆತ, ಅದು ಫಲಿಸದಿದ್ದರೆ ಆಮೇಲೆ ಅಡ್ರಿನಲಿನ್. ಹೃದಯದ ಗೆರೆ ಚಪ್ಪಟೆಯಾಗಿದ್ದರೆ ಅಥವಾ ವಿದ್ಯುತ್ ಸಂಕೇತವಿದ್ದೂ ಹೃದಯ ರಕ್ತ ತಳ್ಳದಿದ್ದರೆ ಹೊಡೆತದಿಂದ ಉಪಯೋಗವಿಲ್ಲ. ಅಲ್ಲಿ ಎದೆ ಒತ್ತುವುದರ ಜೊತೆಗೆ ಇರುವ ಔಷಧ ಇದೊಂದೇ, ಅದೂ ಎಷ್ಟು ಬೇಗ ಕೊಟ್ಟರೆ ಅಷ್ಟು ಒಳಿತು. ಅಂತರರಾಷ್ಟ್ರೀಯ ಮಾರ್ಗಸೂಚಿಗಳು 2018ರ ನಂತರವೂ ಅಡ್ರಿನಲಿನ್ ಅನ್ನು ಉಳಿಸಿಕೊಂಡದ್ದು ಇದೇ ಕಾರಣಕ್ಕೆ. ರಕ್ತನಾಳ ಹುಡುಕುವ ಬದಲು ಮೊದಲೇ ಮೊಣಕಾಲಿನ ಕೆಳಗಿನಂಥ ಮೂಳೆಗೆ ಸೂಜಿ ಚುಚ್ಚಿ ಔಷಧ ಕೊಟ್ಟರೆ ಸಮಯ ಉಳಿದೀತೆಂಬ ಆಸೆಯಿಂದ ಬ್ರಿಟನ್ನಿನಲ್ಲೇ ನಡೆದ ಇನ್ನೊಂದು ದೊಡ್ಡ ಅಧ್ಯಯನ 2024ರಲ್ಲಿ ಹೊರಬಂತು, ಬದುಕಿದವರ ಪ್ರಮಾಣ ಅದರಿಂದಲೂ ಏರಲಿಲ್ಲ.

ಅಡ್ರಿನಲಿನ್ ನಮ್ಮ ಹಳ್ಳಿಗಾಡಿನ ಆರೋಗ್ಯ ಕೇಂದ್ರಗಳಿಗೆ ಹೊಸತೇನಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಹಾವು ಕಚ್ಚಿದವರಿಗೆ ಪ್ರತಿವಿಷ ಏರಿಸುವಾಗ ಮೈಯೆಲ್ಲ ದದ್ದೆದ್ದು, ಉಸಿರು ಕಟ್ಟಿ, ರಕ್ತದೊತ್ತಡ ಕುಸಿಯುವ ಅಪಾಯವಿರುವುದರಿಂದ ಅದೇ ಆಂಪೂಲಿನ ಅರ್ಧದಷ್ಟನ್ನು ತೊಡೆಯ ಸ್ನಾಯುವಿಗೆ ಚುಚ್ಚಲು ದಾದಿಯರು ಸಿದ್ಧವಾಗಿರುತ್ತಾರೆ. ಅಲ್ಲಿ ನಾಡಿ ಇರುತ್ತದೆ, ರಕ್ತ ಹರಿಯುತ್ತಿರುತ್ತದೆ, ಔಷಧ ಕೆಲವೇ ನಿಮಿಷದಲ್ಲಿ ತಲುಪಬೇಕಾದಲ್ಲಿಗೆ ತಲುಪುತ್ತದೆ; ಆ ಸಂದರ್ಭದಲ್ಲಿ ಅದರಷ್ಟು ನಂಬುಗೆಯ ಔಷಧ ಇನ್ನೊಂದಿಲ್ಲ.

ಕರ್ನಾಟಕದಲ್ಲಿ 108 ಆಂಬುಲೆನ್ಸ್ ಸೇವೆ ‘ಆರೋಗ್ಯ ಕವಚ’ ಎಂಬ ಹೆಸರಿನಲ್ಲಿ 2008ರ ನವೆಂಬರ್ 1ರಂದು ಆರಂಭವಾಯಿತು. ಈ ವಾಹನಗಳಲ್ಲಿ ಎರಡು ದರ್ಜೆ: ಆಮ್ಲಜನಕ, ಪ್ರಥಮ ಚಿಕಿತ್ಸೆಯ ಸಾಮಗ್ರಿ ಇರುವ ಮೂಲ ದರ್ಜೆಯವು, ವೆಂಟಿಲೇಟರ್ ಡಿಫಿಬ್ರಿಲೇಟರ್ ಇರುವ ಉನ್ನತ ದರ್ಜೆಯವು. 2022ರ ನವೆಂಬರ್ ಕೊನೆಯಲ್ಲಿ ಸೇವೆಗೆ ಬಿಟ್ಟ 262 ಹೊಸ ವಾಹನಗಳಲ್ಲಿ 105 ಉನ್ನತ ದರ್ಜೆಯವು. ಹೋಬಳಿಯ ಯಾವುದೋ ತೋಟದಿಂದ ಕರೆ ಹೋದಾಗ ಬರುವುದು ಯಾವ ದರ್ಜೆಯದು, ಆ ಹೊತ್ತಿನಲ್ಲಿ ಅದು ಇನ್ನೊಬ್ಬ ರೋಗಿಯನ್ನು ಶಿವಮೊಗ್ಗಕ್ಕೆ ಬಿಟ್ಟು ಹಿಂದಿರುಗುತ್ತಿದೆಯೇ, ಇವೆಲ್ಲ ಆ ದಿನದ ಅದೃಷ್ಟ.

ನಟ ಪುನೀತ್ ರಾಜಕುಮಾರ್ 2021ರ ಅಕ್ಟೋಬರ್ 29ರಂದು 46ನೆಯ ವಯಸ್ಸಿನಲ್ಲಿ ತೀರಿಕೊಂಡ ಮೇಲೆ ರಾಜ್ಯದಲ್ಲಿ ಹೃದಯದ ಬಗ್ಗೆ ಹುಟ್ಟಿದ ಆತಂಕಕ್ಕೆ ಸರ್ಕಾರ ಕೊಟ್ಟ ಉತ್ತರಗಳಲ್ಲಿ ಮುಖ್ಯವಾದದ್ದು, ಅವರ ಹೆಸರಿನಲ್ಲೇ 2023ರಲ್ಲಿ ಆರಂಭವಾದ ‘ಹೃದಯ ಜ್ಯೋತಿ’ ಯೋಜನೆ. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ಜಯದೇವ ಹೃದ್ರೋಗ ಸಂಸ್ಥೆಯಂಥ ಕೇಂದ್ರಗಳ ತಜ್ಞರು ದೂರದಿಂದಲೇ ಓದಿ, ಹೃದಯಾಘಾತವೆಂದು ಖಚಿತವಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಎಂಬ ದುಬಾರಿ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡುವ ವ್ಯವಸ್ಥೆ ಅದು. ಬಹಳ ಒಳ್ಳೆಯ ಯೋಜನೆ. ಆದರೆ ಅದರ ಫಲ ಸಿಗುವುದು ನಾಡಿಯಿದ್ದು ಆಸ್ಪತ್ರೆಯ ಬಾಗಿಲು ತಲುಪಿದವರಿಗೆ. ದಾರಿಯಲ್ಲಿ ಅಥವಾ ಮನೆಯಲ್ಲೇ ಬಡಿತ ನಿಂತವರಿಗಾಗಿ ಆ ಯೋಜನೆಯಲ್ಲಿ ಇದ್ದ ಮಾತು ಸಾರ್ವಜನಿಕ ಸ್ಥಳಗಳಲ್ಲಿ ಎಇಡಿ ಇಡುವುದು. ಎಇಡಿ ಎಂದರೆ ಎದೆಗೆ ಎರಡು ಪಟ್ಟಿ ಅಂಟಿಸಿದರೆ ತಾನೇ ಲಯವನ್ನು ಓದಿ, ವಿದ್ಯುತ್ ಹೊಡೆತ ಬೇಕೋ ಬೇಡವೋ ಎಂದು ಧ್ವನಿಯಲ್ಲೇ ಹೇಳುವ ಡಿಫಿಬ್ರಿಲೇಟರ್. ಓದು ಬರಹ ಹೆಚ್ಚಿಲ್ಲದವರೂ ಅದನ್ನು ಬಳಸಬಹುದು. ವಿಮಾನ ನಿಲ್ದಾಣ, ಮೆಟ್ರೊ, ಮಾಲ್‌ಗಳಾಚೆಗೆ ಈ ಪೆಟ್ಟಿಗೆ ಹೋಬಳಿಯ ರೈಲು ನಿಲ್ದಾಣಕ್ಕೋ ಹಾಲಿನ ಡೇರಿಗೋ ಬರುವುದು ಯಾವಾಗ ಎಂಬುದೇ ಅಡ್ರಿನಲಿನ್ ಕುರಿತ ಚರ್ಚೆಗಿಂತ ಮುಂದೆ ನಿಲ್ಲಬೇಕಾದ ಪ್ರಶ್ನೆ.

ಎದೆ ಒತ್ತುವ ವಿದ್ಯೆಯ ಹುಟ್ಟಿಗೂ ತೋಟದ ಬದುಕಿಗೂ ಅನಿರೀಕ್ಷಿತವಾದ ನಂಟಿದೆ. ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಯ ವಿಲಿಯಂ ಕೌವೆನ್‌ಹೋವೆನ್ ವೈದ್ಯರಲ್ಲ, ವಿದ್ಯುತ್ ಎಂಜಿನಿಯರ್. ಕಂಬ ಹತ್ತುವ ಲೈನ್‌ಮನ್‌ಗಳು ವಿದ್ಯುತ್ ತಗುಲಿ ಸಾಯುವುದನ್ನು ತಡೆಯಲು 1920ರ ದಶಕದಿಂದಲೇ ಸಂಶೋಧನೆ ನಡೆಸುತ್ತಿದ್ದವರು. ನಾಯಿಯ ಎದೆಯ ಮೇಲೆ ಡಿಫಿಬ್ರಿಲೇಟರ್‌ನ ಭಾರವಾದ ಫಲಕಗಳನ್ನು ಒತ್ತಿ ಇಟ್ಟಾಗ ರಕ್ತದೊತ್ತಡ ತುಸು ಏರುವುದನ್ನು ಅವರ ಸಹೋದ್ಯೋಗಿ ಗೈ ನಿಕರ್‌ಬಾಕರ್ ಗಮನಿಸಿದರು. ಶಸ್ತ್ರವೈದ್ಯ ಜೇಮ್ಸ್ ಜೂಡ್ ಜೊತೆಗೂಡಿ, ಎದೆ ಸೀಳದೆ ಹೊರಗಿನಿಂದಲೇ ಒತ್ತಿ ರಕ್ತ ಹರಿಸಬಹುದೆಂದು 1960ರಲ್ಲಿ ಅವರು ಪ್ರಕಟಿಸಿದ ಲೇಖನವೇ ಇಂದಿನ ಸಿಪಿಆರ್‌ಗೆ ತಳಹದಿ. ಅಡಿಕೆ ಕೊನೆ ಕೀಳುವ ಅಲ್ಯೂಮಿನಿಯಂ ಕೋಲು ತೋಟದ ಮೇಲೆ ಹಾದ ತಂತಿಗೆ ತಾಗಿದಾಗ, ಒದ್ದೆ ಕೈಯಲ್ಲಿ ಪಂಪ್‌ಸೆಟ್ಟಿನ ಸ್ಟಾರ್ಟರ್ ಮುಟ್ಟಿದಾಗ ಬೀಳುವ ರೈತರು ಆ ಲೈನ್‌ಮನ್‌ಗಳ ಸಾಲಿನವರೇ. ಅವರಲ್ಲಿ ಬಹಳಷ್ಟು ಮಂದಿ ಹೃದಯ ಗಟ್ಟಿಯಿರುವ ಪ್ರಾಯದವರು, ಅವರ ಹೃದಯ ನಿಲ್ಲುವುದು ಸಾಮಾನ್ಯವಾಗಿ ಫಿಬ್ರಿಲೇಷನ್‌ನಿಂದ, ಹಾಗಾಗಿ ಬದುಕುವ ಅವಕಾಶವೂ ಹೆಚ್ಚು. ವಿದ್ಯುತ್ ಕಡಿತವಾಗಿದೆಯೆಂದು ಖಚಿತವಾಗುವವರೆಗೆ ಮಾತ್ರ ಅವರನ್ನು ಮುಟ್ಟಬಾರದು.

ಯಾರಾದರೂ ಕುಸಿದಾಗ ನಮ್ಮಲ್ಲಿ ನಡೆಯುವುದು ಬಹುತೇಕ ಒಂದೇ ಬಗೆ. ಮುಖಕ್ಕೆ ನೀರು ಎರಚುತ್ತಾರೆ, ಬಾಯಿಗೆ ನೀರು ಬಿಡುತ್ತಾರೆ, ಅಂಗಾಲು ಉಜ್ಜುತ್ತಾರೆ. ಒಂದೆರಡು ನಿಮಿಷ ತಡೆತಡೆದು ಬರುವ ಗೊರಕೆಯಂಥ ಏದುಸಿರನ್ನು ಕಂಡು ಉಸಿರಿದೆ ಎಂದು ಸಮಾಧಾನಪಡುತ್ತಾರೆ, ಅದು ನಿಂತ ಹೃದಯದ ಲಕ್ಷಣವೆಂದು ಯಾರೂ ಹೇಳಿಕೊಟ್ಟಿರುವುದಿಲ್ಲ. ಆಮೇಲೆ ನಾಲ್ಕು ಜನ ಎತ್ತಿ ಕಾರಿನ ಹಿಂದಿನ ಸೀಟಿಗೋ ಗೂಡ್ಸ್ ಆಟೊಗೋ ಹಾಕಿ ಅಜ್ಜಂಪುರದ ಕಡೆಗೆ ಓಡಿಸುತ್ತಾರೆ. ಪ್ರೀತಿಯಿಂದಲೇ ಮಾಡುವ ಈ ಕೆಲಸದಲ್ಲಿ, ದಾರಿಯುದ್ದಕ್ಕೂ ಒಬ್ಬರ ಕೈಯೂ ಎದೆಯ ಮೇಲಿರುವುದಿಲ್ಲ. ಆಸ್ಪತ್ರೆಯಲ್ಲಿ ಅಡ್ರಿನಲಿನ್ ಸಿದ್ಧವಿದ್ದರೂ ಅದನ್ನು ಸ್ವೀಕರಿಸುವ ದೇಹದ ಮಿದುಳು ಅಷ್ಟರಲ್ಲಿ ಮುಗಿದಿರುತ್ತದೆ. ಮಾಡಬೇಕಾದದ್ದು 108ಕ್ಕೆ ಕರೆ ಮಾಡಿ ಫೋನನ್ನು ಸ್ಪೀಕರಿಗೆ ಹಾಕಿ, ಬಿದ್ದವರನ್ನು ತಗ್ಗುವ ನುಲಿ ಮಂಚದ ಮೇಲಲ್ಲದೆ ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ನಡುವೆ ಅಂಗೈಯ ಬುಡವನ್ನಿಟ್ಟು, ಮೇಲೆ ಇನ್ನೊಂದು ಕೈ ಸೇರಿಸಿ, ಮೊಣಕೈ ಮಡಿಸದೆ, ಐದಾರು ಸೆಂಟಿಮೀಟರ್ ಒಳಗೆ ಹೋಗುವಂತೆ ನಿಮಿಷಕ್ಕೆ ನೂರರಿಂದ ನೂರಿಪ್ಪತ್ತು ಸಲ ಒತ್ತುತ್ತಿರುವುದು. ಎರಡು ನಿಮಿಷಕ್ಕೊಮ್ಮೆ ಕೈ ಬದಲಾಯಿಸುವುದು, ಏಕೆಂದರೆ ಸರಿಯಾಗಿ ಒತ್ತುವವರು ಅಷ್ಟರಲ್ಲಿ ಸೋತುಹೋಗುತ್ತಾರೆ. ಬಾಯಿಗೆ ಬಾಯಿಟ್ಟು ಉಸಿರು ಊದಲು ಜನ ಹಿಂಜರಿಯುವುದನ್ನು ಬಲ್ಲ ಭಾರತೀಯ ಅರಿವಳಿಕೆ ತಜ್ಞರ ಸಂಘ 2017ರಲ್ಲಿ ರೂಪಿಸಿದ ‘ಕೋಲ್ಸ್’ ವಿಧಾನ ಸಾಮಾನ್ಯ ಜನರಿಗೆ ಎದೆ ಒತ್ತುವುದಷ್ಟನ್ನೇ ಕಲಿಸುತ್ತದೆ.

ಇದು ಕಲಿಸಿದರೆ ಬರುವ ವಿದ್ಯೆ ಎಂಬುದಕ್ಕೆ ಡೆನ್ಮಾರ್ಕ್ ಸಾಕ್ಷಿ. ಶಾಲೆಗಳಲ್ಲಿ ಕಡ್ಡಾಯವಾಗಿ, ಚಾಲನಾ ಪರವಾನಗಿ ಪಡೆಯುವವರಿಗೆ ಕಡ್ಡಾಯವಾಗಿ ಇದನ್ನು ಕಲಿಸಿದ ಆ ದೇಶದಲ್ಲಿ, ಬಳಿಯಿದ್ದವರೇ ಎದೆ ಒತ್ತಿದ ಪ್ರಕರಣಗಳು 2001ರಲ್ಲಿ ಶೇ 21ರಷ್ಟಿದ್ದವು 2010ಕ್ಕೆ ಶೇ 45ರ ಹತ್ತಿರ ಬಂದವು. ಮೂವತ್ತು ದಿನ ಬದುಕಿದವರ ಪ್ರಮಾಣ ಅದೇ ಅವಧಿಯಲ್ಲಿ ಶೇ 3.5ರಿಂದ ಶೇ 10.8ಕ್ಕೆ ಏರಿತು. ಬೇರೆ ಸುಧಾರಣೆಗಳೂ ಇದರಲ್ಲಿ ಸೇರಿವೆಯಾದರೂ, ಯಾವ ಆಂಪೂಲೂ ಇಂಥ ಏರಿಕೆಯನ್ನು ತಂದುದಿಲ್ಲ. ಹೋಬಳಿಯ ಪ್ರೌಢಶಾಲೆಯ ಮಕ್ಕಳು, ಆಶಾ ಕಾರ್ಯಕರ್ತೆಯರು, ಸ್ತ್ರೀಶಕ್ತಿ ಸಂಘದವರು, ಲೈನ್‌ಮನ್‌ಗಳು, ಬೆಳಿಗ್ಗೆ ಸಂಜೆ ಡೇರಿಗೆ ಹಾಲು ತರುವವರು, ಇವರೆಲ್ಲರಿಗೆ ಒಂದು ಮಧ್ಯಾಹ್ನದ ತರಬೇತಿ ಕೊಡುವುದಕ್ಕೆ ತಜ್ಞ ವೈದ್ಯರೇ ಬೇಕಾಗಿಲ್ಲ.

ಹಾಸನ ಜಿಲ್ಲೆಯಲ್ಲಿ 2025ರ ಮೇ ಮತ್ತು ಜೂನ್ ತಿಂಗಳುಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಹಠಾತ್ತನೆ ಸತ್ತ ಸುದ್ದಿ ಹಬ್ಬಿ, ಗಾಬರಿಯಾದ ಜನ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗಾಗಿ ಮುಗಿಬಿದ್ದಾಗ, ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅಧ್ಯಕ್ಷತೆಯ ಸರ್ಕಾರಿ ಸಮಿತಿ ಆ ಸಾವುಗಳನ್ನು ಪರಿಶೀಲಿಸಿತು. ಸಾವುಗಳಲ್ಲಿ ಅಸಹಜ ಏರಿಕೆ ಕಾಣಲಿಲ್ಲವೆಂದು ಅದು ವರದಿ ಕೊಟ್ಟಿತು. ಆ ಸಂದರ್ಭದಲ್ಲೇ, ಆಸ್ಪತ್ರೆಯ ಹೊರಗೆ ಸಂಭವಿಸುವ ಹಠಾತ್ ಸಾವುಗಳನ್ನು ಕಡ್ಡಾಯವಾಗಿ ಸರ್ಕಾರಕ್ಕೆ ತಿಳಿಸಬೇಕಾದ ಪ್ರಕರಣಗಳ ಪಟ್ಟಿಗೆ ಸೇರಿಸಿ ಮರಣೋತ್ತರ ಪರೀಕ್ಷೆ ನಡೆಸಲಾಗುವುದೆಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಜುಲೈನಲ್ಲಿ ಪ್ರಕಟಿಸಿದರು. ಲೆಕ್ಕವಿಡುವ ಈ ಸಂಕಲ್ಪ ಸ್ವಾಗತಾರ್ಹ, ಆದರೆ ಶವಪರೀಕ್ಷೆ ಹೇಳುವುದು ಹೃದಯ ಏಕೆ ನಿಂತಿತೆಂಬುದನ್ನು. ನಿಂತ ಮೇಲಿನ ಇಪ್ಪತ್ತು ನಿಮಿಷಗಳಲ್ಲಿ ಏನು ನಡೆಯಿತೆಂಬುದನ್ನು ಅದು ಹೇಳದು. ನಾರ್ವೆಯ ಊಟ್‌ಸ್ಟೈನ್ ಎಂಬ ಹಳೆಯ ಮಠದಲ್ಲಿ 1990ರಲ್ಲಿ ಸೇರಿದ್ದ ತಜ್ಞರು ಹೃದಯ ಸ್ತಂಭನದ ಪ್ರತಿ ಪ್ರಕರಣದಲ್ಲಿ ಏನೇನು ದಾಖಲಾಗಬೇಕೆಂಬ ಒಂದು ನಮೂನೆಯ ಬಗ್ಗೆ ಒಮ್ಮತಕ್ಕೆ ಬಂದರು, ಇಂದು ಅನೇಕ ದೇಶಗಳು ಅದನ್ನೇ ಬಳಸುತ್ತವೆ. ಕರೆ ಬಂದ ಹೊತ್ತು, ವಾಹನ ತಲುಪಿದ ಹೊತ್ತು 108ರ ದಾಖಲೆಯಲ್ಲಿ ಹೇಗೂ ಇರುತ್ತವೆ. ಬಿದ್ದುದನ್ನು ಕಂಡವರಿದ್ದರೇ, ವಾಹನ ಬರುವ ಮುನ್ನ ಯಾರಾದರೂ ಎದೆ ಒತ್ತುತ್ತಿದ್ದರೇ, ಮೊದಲು ಕಂಡ ಲಯ ಯಾವುದು, ವಿದ್ಯುತ್ ಹೊಡೆತ ಮತ್ತು ಅಡ್ರಿನಲಿನ್‌ನ ಮೊದಲ ಪ್ರಮಾಣ ಎಷ್ಟನೆಯ ನಿಮಿಷಕ್ಕೆ, ಮೂವತ್ತನೆಯ ದಿನ ರೋಗಿ ಯಾವ ಸ್ಥಿತಿಯಲ್ಲಿದ್ದಾರೆ, ಈ ಐದಾರು ಕಾಲಂಗಳನ್ನು ಅದಕ್ಕೆ ಸೇರಿಸಿದರೆ ಶಿವನಿ ಹೋಬಳಿಯ ಉತ್ತರವನ್ನು ವಾರಿಕ್‌ನಿಂದ ಎರವಲು ತರಬೇಕಾದ ಅಗತ್ಯ ಬೀಳುವುದಿಲ್ಲ.